ತಡೆಯಬಾರದ ವೇಗ, ತಡೆಯಬೇಕಾದ ವೇಗ



ಕಳೆದ ಕೆಲವು ವರ್ಷಗಳಿಂದ ಕರ್ಜಗಿಯ ನಮ್ಮ ಚಿಕಿತ್ಸಾಲಯಕ್ಕೆ ಹದಿಹರೆಯದ ಮಕ್ಕಳನ್ನು ಕರೆತರುವ ತಂದೆತಾಯಿಗಳ ಸಂಖ್ಯೆ ಹೆಚ್ಚುತ್ತಿದೆ. ಅವರು ಹೇಳುವ ದೂರುಗಳು ಬಹುಮಟ್ಟಿಗೆ ಒಂದೇ ಬಗೆಯವು. ಹಸಿವಿಲ್ಲ, ಮಲಬದ್ಧತೆ ಇದೆ, ತಲೆನೋವು, ಕಣ್ಣುರಿ, ರಾತ್ರಿ ನಿದ್ರೆ ಬಾರದು, ಬೆಳಿಗ್ಗೆ ಎಬ್ಬಿಸಿದರೂ ಏಳಲಾಗದು. ಪರೀಕ್ಷೆ ಮುಗಿದ ಮೇಲೆ ಮಗನನ್ನು ಹೊರಗೆ ಕೂಡಿಸಿ ತಾಯಿಯೊಬ್ಬಳೇ ಒಳಗೆ ಬಂದು ದನಿ ತಗ್ಗಿಸಿ ಹೇಳುವ ಮಾತು ಮಾತ್ರ ಬೇರೆ: “ಇಲ್ಲ ಅಂದ್ರ ಊಟಾನ ಬಿಡ್ತಾನ್ರಿ ಡಾಕ್ಟರ. ಕೇಳಿದ್ದು ಕೊಡೂತನಕ ಮಾತಾಡೂದಿಲ್ಲ. ಇದಕ್ಕ ಏನರ ಒಂದು ಔಷಧ ಕೊಡ್ರಿ.”

ಈ ಮಾತನ್ನು ನಾವು ಇಷ್ಟು ಮನೆಗಳಿಂದ ಕೇಳಿದ್ದೇವೆಂದರೆ, ಇದನ್ನು ಒಂದು ಮನೆಯ ಗುಟ್ಟೆಂದು ಭಾವಿಸಲು ಸಾಧ್ಯವಿಲ್ಲ. ಕೇಳಿದ್ದು ಕೇಳಿದ ಗಳಿಗೆಯಲ್ಲಿ ಕೈಗೆ ಬರುತ್ತ ಬೆಳೆದ ಮಗುವಿಗೆ ಕೊಡುವುದು ತಂದೆತಾಯಿಗಳ ಕೆಲಸ, ಪಡೆಯುವುದು ತನ್ನ ಹಕ್ಕು ಎಂಬ ಭಾವನೆ ತಾನಾಗಿ ಬಲಿಯುತ್ತದೆ. ಇದನ್ನು ನೀತಿಯ ಪ್ರಶ್ನೆಯೆಂದು ಮಾತನಾಡುವವರು ಬಹಳ ಮಂದಿ ಇದ್ದಾರೆ. ವೈದ್ಯರಾದ ನಮಗೆ ಇದು ಆರೋಗ್ಯದ ಪ್ರಶ್ನೆಯಾಗಿಯೇ ಕಾಣುತ್ತದೆ. ಹೊರಗೆ ಕುಳಿತ ಮಗನ ಮಲಬದ್ಧತೆಗೂ ಒಳಗೆ ಬಂದು ತಾಯಿ ಹೇಳಿದ ಮಾತಿಗೂ ನೇರ ಸಂಬಂಧವಿದೆ.

ಚರಕ ಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ವೇಗಗಳ ವಿಚಾರ ಬರುತ್ತದೆ. ವೇಗವೆಂದರೆ ದೇಹದಲ್ಲಿ ಅಥವಾ ಮನಸ್ಸಿನಲ್ಲಿ ತಾನಾಗಿ ಎದ್ದು ಬರುವ ಒತ್ತಡ. ಆಚಾರ್ಯರು ಇವನ್ನು ಎರಡಾಗಿ ವಿಂಗಡಿಸಿದ್ದಾರೆ. ಮೂತ್ರ, ಮಲ, ಅಪಾನವಾಯು, ಸೀನು, ತೇಗು, ಆಕಳಿಕೆ, ಹಸಿವು, ನೀರಡಿಕೆ, ಕಣ್ಣೀರು, ನಿದ್ರೆ ಮೊದಲಾದ 13 ವೇಗಗಳನ್ನು ತಡೆಯಬಾರದು; ತಡೆದರೆ ವಾತ ಕೆರಳಿ ರೋಗ ಹುಟ್ಟುತ್ತದೆ. ಲೋಭ, ಶೋಕ, ಭಯ, ಕ್ರೋಧ, ಅಹಂಕಾರ, ನಿರ್ಲಜ್ಜತೆ, ಈರ್ಷ್ಯೆ, ಅತಿಯಾದ ಆಸಕ್ತಿ, ಪರರ ವಸ್ತುವಿನ ಮೇಲಿನ ಆಸೆ ಇವು ಮನಸ್ಸಿನ ವೇಗಗಳು, ಇವನ್ನು ತಡೆಯಲೇಬೇಕು. ಒರಟು ಮಾತು, ಚಾಡಿ, ಸುಳ್ಳು, ಇತರರನ್ನು ನೋಯಿಸುವ ಕೈ ಇವೂ ತಡೆಯಬೇಕಾದ ಪಟ್ಟಿಯಲ್ಲಿಯೇ ಸೇರಿವೆ.

ಈಗ ರಾತ್ರಿ ಹನ್ನೊಂದು ಗಂಟೆಗೆ ಮೊಬೈಲಿನಲ್ಲಿ ಆಟವಾಡುತ್ತ ಕುಳಿತ ಹದಿನೈದು ವರ್ಷದ ಹುಡುಗನನ್ನು ನೋಡಿರಿ. ಮೂತ್ರದ ಒತ್ತಡ ಬಂದಿದೆ, ಆಟ ಮುಗಿಯಲೆಂದು ತಡೆದಿದ್ದಾನೆ. ಹಸಿವಾಗಿದೆ, ತಾಯಿ ಮೂರು ಬಾರಿ ಕರೆದಿದ್ದಾಳೆ, ತಡೆದಿದ್ದಾನೆ. ಕಣ್ಣು ಎಳೆಯುತ್ತಿದೆ, ನಿದ್ರೆಯನ್ನೂ ತಡೆದಿದ್ದಾನೆ. ತಂದೆ ಬಂದು ಮೊಬೈಲು ಕೇಳಿದೊಡನೆ ಸಿಟ್ಟು, ಒರಟು ಮಾತು, ಗೆಳೆಯನ ಬಳಿಯಿರುವ ಫೋನು ತನಗೇಕಿಲ್ಲವೆಂಬ ಹೊಟ್ಟೆಕಿಚ್ಚು ಇವಾವುದಕ್ಕೂ ತಡೆಯೇ ಇಲ್ಲ. ತಡೆಯಬಾರದ್ದನ್ನೆಲ್ಲ ತಡೆದು, ತಡೆಯಬೇಕಾದದ್ದನ್ನೆಲ್ಲ ಹರಿಯಬಿಟ್ಟಿದ್ದಾನೆ. ಶಾಸ್ತ್ರ ಹೇಳಿದ್ದು ತಲೆಕೆಳಗಾಗಿದೆ. ಆತನ ಹೊಟ್ಟೆಯ ತೊಂದರೆಗೆ ತ್ರಿಫಲಾ ಚೂರ್ಣ ಕೊಡಬಹುದು, ಕೊಡುತ್ತೇವೆ. ಆದರೆ ಈ ತಲೆಕೆಳಗು ಸರಿಯಾಗದೆ ಚೂರ್ಣ ಎಷ್ಟು ದಿನ ಕೆಲಸ ಮಾಡೀತು?

ಮನಸ್ಸನ್ನು ಅಹಿತ ವಿಷಯದಿಂದ ಹಿಂದೆಗೆಯುವ ಶಕ್ತಿಗೆ ಆಯುರ್ವೇದದಲ್ಲಿ ಧೃತಿ ಎಂದು ಹೆಸರು. ಧೀ, ಧೃತಿ, ಸ್ಮೃತಿ ಈ ಮೂರು ಕೆಟ್ಟು ಮಾಡುವ ಕರ್ಮವೇ ಪ್ರಜ್ಞಾಪರಾಧ. ಸರ್ವದೋಷಗಳೂ ಅದರಿಂದ ಕೆರಳುತ್ತವೆ ಎಂಬುದು ಚರಕರ ಮತ. ಧೃತಿ ಉಪದೇಶದಿಂದ ಬರುವಂಥದ್ದಲ್ಲ, ಬಳಕೆಯಿಂದ ಬರುವಂಥದ್ದು. ತೋಳಿನ ಸ್ನಾಯು ಭಾರ ಎತ್ತಿ ಬಲಿಯುವಂತೆ ಧೃತಿಯು ಚಿಕ್ಕಚಿಕ್ಕ ‘ಇಲ್ಲ’ಗಳನ್ನು ಹೊತ್ತು ಬಲಿಯುತ್ತದೆ. ಇವತ್ತು ಇಲ್ಲ, ಹಬ್ಬಕ್ಕೆ ನೋಡೋಣ. ನಿನಗೊಬ್ಬನಿಗೇ ಅಲ್ಲ, ತಂಗಿಗೂ ಪಾಲು ಕೊಡು. ಹಿರಿಯರ ಲಿಂಗಪೂಜೆಯಾಗಲಿ, ಆಮೇಲೆ ಊಟ. ಹಿಂದೆ ನಮ್ಮ ಮನೆಗಳಲ್ಲಿ ಕಾಯುವ ಪಾಠ ಹೀಗೆ ದಿನಕ್ಕೆ ಹತ್ತು ಬಾರಿ ತಾನಾಗಿ ಸಿಗುತ್ತಿತ್ತು, ಯಾರೂ ಅದನ್ನು ಪಾಠವೆಂದು ಕರೆಯುತ್ತಿರಲಿಲ್ಲ.

ನಮ್ಮ ಸೀಮೆಯವರಿಗೆ ಇದನ್ನು ವಿವರಿಸಲು ದೂರದ ಉದಾಹರಣೆ ಬೇಕಿಲ್ಲ. ಕಾರಹುಣ್ಣಿಮೆಗೂ ದೀಪಾವಳಿಯ ಹೋರಿ ಹಬ್ಬಕ್ಕೂ ಹೋರಿ ಸಾಕುವವರು ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಸೀಮೆಯ ಹಳ್ಳಿಹಳ್ಳಿಗಳಲ್ಲಿದ್ದಾರೆ. ಅವರು ಹೋರಿಗೆ ಹಿಂಡಿ, ಹುರುಳಿ, ಹತ್ತಿಕಾಳು ತಿನ್ನಿಸುತ್ತಾರೆ. ಮಗನಿಗಿಂತ ಹೆಚ್ಚು ಮುದ್ದು ಮಾಡುತ್ತಾರೆ ಎಂದರೂ ತಪ್ಪಿಲ್ಲ. ಆದರೆ ಬರೀ ತಿನ್ನಿಸಿ ಕೊಟ್ಟಿಗೆಯಲ್ಲಿ ಕಟ್ಟುವವರನ್ನು ನಾವು ಕಂಡಿಲ್ಲ. ನೀರಿಗಿಳಿಸಿ ಈಜಿಸುತ್ತಾರೆ, ಓಡಿಸುತ್ತಾರೆ, ಕಾಲಕ್ಕೆ ಸರಿಯಾಗಿ ಮೂಗುದಾಣ ಹಾಕುತ್ತಾರೆ. ಕೊಬ್ಬಿದ ಹೋರಿ ಮನೆಯವರನ್ನೇ ಮೊದಲು ಇರಿಯುತ್ತದೆಂದು ಅವರಿಗೆ ಗೊತ್ತು. ಹೋರಿಯ ವಿಷಯದಲ್ಲಿ ಇಷ್ಟು ಬಲ್ಲ ಯಜಮಾನರು ಮಗನ ವಿಷಯದಲ್ಲಿ “ಸಣ್ಣಾವ ಅದಾನ, ದೊಡ್ಡಾವಾದ ಮ್ಯಾಲ ತಿಳೀತದ” ಎಂದು ಸುಮ್ಮನಾಗುತ್ತಾರೆ.

ದೊಡ್ಡವನಾಗುವುದು ಯಾವಾಗ? ಇದಕ್ಕೂ ಚರಕರಲ್ಲಿ ಉತ್ತರವಿದೆ. ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ವಯಸ್ಸನ್ನು ವಿಂಗಡಿಸುವಾಗ, 16 ವರ್ಷದವರೆಗೆ ಧಾತುಗಳು ಪಕ್ವವಾಗಿರುವುದಿಲ್ಲ, ಆ ನಂತರ 30 ವರ್ಷದವರೆಗೆ ಧಾತುಗಳು ಬೆಳೆಯುತ್ತಿರುತ್ತವೆ, ಮನಸ್ಸು ಬಹುಮಟ್ಟಿಗೆ ನೆಲೆನಿಂತಿರುವುದಿಲ್ಲ ಎಂದಿದ್ದಾರೆ. ಮುಂದಾಲೋಚನೆ ಮತ್ತು ಸಂಯಮಕ್ಕೆ ಕಾರಣವಾದ ಮೆದುಳಿನ ಮುಂಭಾಗ ಇಪ್ಪತ್ತರ ವಯಸ್ಸು ದಾಟಿದ ನಂತರವೂ ಬೆಳೆಯುತ್ತಿರುತ್ತದೆ ಎಂದು ಇಂದಿನ ನರವಿಜ್ಞಾನವೂ ಹೇಳುತ್ತದೆ. ಅಂದರೆ ಹದಿನಾರರ ಹುಡುಗನಿಗೆ ಆಸೆಯ ವೇಗ ಪೂರ್ಣ ಬಂದಿರುತ್ತದೆ, ಅದನ್ನು ಹಿಡಿಯುವ ಹಗ್ಗ ಇನ್ನೂ ಹೊಸೆಯುತ್ತಿರುತ್ತದೆ. ಆ ಹಗ್ಗ ಗಟ್ಟಿಯಾಗುವತನಕ ಹಿಡಿದುಕೊಳ್ಳಬೇಕಾದವರು ಹೆತ್ತವರು.

ನೆಲೆನಿಲ್ಲದ ಮನಸ್ಸೆಂದರೆ ದುರ್ಬಲ ಮನಸ್ಸೆಂದು ಯಾರೂ ತಿಳಿಯಬಾರದು. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ಹುಟ್ಟಿದ್ದು 1911ರಲ್ಲಿ. 1930ರ ಮಾರ್ಚ್ 12ರಂದು ಗಾಂಧೀಜಿಯವರೊಡನೆ ಸಾಬರಮತಿಯಿಂದ ದಂಡಿಗೆ ಹೊರಟಾಗ ಅವರಿಗಿನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಸುಮಾರು 385 ಕಿಲೋಮೀಟರ್ ನಡೆದ ಆ ತಂಡದಲ್ಲಿದ್ದ ಕನ್ನಡಿಗರು ಅವರೊಬ್ಬರೇ. 1943ರಲ್ಲಿ ನಮ್ಮ ಹಾವೇರಿ ತಾಲೂಕಿನ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಎಲ್ಲ ಮಕ್ಕಳೂ ಹಾಗಾಗಬೇಕೆಂದು ನಾವು ಹೇಳುತ್ತಿಲ್ಲ. ಹದಿನೆಂಟರ ದೇಹ ಮತ್ತು ಮನಸ್ಸು ಎಷ್ಟು ಭಾರ ಹೊರಬಲ್ಲವೆಂಬುದನ್ನು ಈ ಮಣ್ಣೇ ಒಮ್ಮೆ ತೋರಿಸಿದೆ ಎಂದಷ್ಟೇ ಹೇಳುತ್ತೇವೆ. ಅದೇ ವಯಸ್ಸಿನ ಮಗ ಉಂಡ ತಾಟು ತೊಳೆದರೆ ದಣಿಯುತ್ತಾನೆಂದು ಹೆದರುವ ಅಗತ್ಯವಿಲ್ಲ.

ತಂದೆತಾಯಿಗಳು ಏಕೆ ಹೀಗೆ ಕೊಡುತ್ತಾರೆ? ಅವರನ್ನು ದೂರುವ ಮೊದಲು ಅವರ ಕೈಗಳನ್ನು ನೋಡಬೇಕು. ರಾಣೇಬೆನ್ನೂರು ಭಾಗದಲ್ಲಿ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವು ಹೂವಿಗೆ ಕೈಯಿಂದ ಪರಾಗ ಮುಟ್ಟಿಸುವ ತಾಯಂದಿರ ಬೆರಳುಗಳಲ್ಲಿ ಸೀಳು ಬಿಟ್ಟಿರುತ್ತದೆ, ಬೆನ್ನು ಬಾಗಿರುತ್ತದೆ. ಅವರು ಸೊಂಟನೋವಿಗೆಂದು ನಮ್ಮಲ್ಲಿ ಬಂದಾಗ, ಎರಡು ಸೀಸೆ ತೈಲ ಬೇಕಾದಲ್ಲಿ ಒಂದೇ ಸಾಕೆನ್ನುತ್ತಾರೆ. ಉಳಿಸಿದ ದುಡ್ಡು ಮಗನ ಫೋನಿನ ಕಂತಿಗೆ ಹೋಗುತ್ತದೆ. “ನಾವು ಕಂಡ ಕಷ್ಟ ಅವು ಕಾಣಬಾರದ್ರಿ” ಎಂಬ ಮಾತಿನ ಹಿಂದಿರುವ ಪ್ರೀತಿಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕಷ್ಟ ಕಾಣಬಾರದು ಎಂಬುದು ಬೇರೆ, ಕಷ್ಟವಿದೆಯೆಂದೇ ಗೊತ್ತಾಗಬಾರದು ಎಂಬುದು ಬೇರೆ. 2024ರಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಕುಸಿದು ರೈತರ ಸಿಟ್ಟು ಬೆಂಕಿಯಾದದ್ದನ್ನು ಎಲ್ಲರೂ ಬಲ್ಲರು. ಅದೇ ವರ್ಷ ಹೊಸ ಫೋನು, ಹೊಸ ಬೂಟು ಕೇಳಿದ ಮಕ್ಕಳಿಗೆ “ಈ ವರ್ಷ ದರಾ ಬಿದ್ದಾವ” ಎಂದು ಹೇಳಲಾರದೆ ಸಾಲ ತಂದು ಕೊಡಿಸಿದ ತಂದೆಯರನ್ನು ನಾವು ಬಲ್ಲೆವು. ಆ ಮಕ್ಕಳು ಕೆಟ್ಟವರಲ್ಲ, ಅವರಿಗೆ ಮನೆಯ ಲೆಕ್ಕ ಗೊತ್ತಿರಲಿಲ್ಲ. ಹದಿನಾಲ್ಕು ತುಂಬಿದ ಮಗುವಿಗೆ ಬೀಜ, ಗೊಬ್ಬರ, ಆಳುಗಳ ಖರ್ಚೆಷ್ಟು, ಮಾರಿದ ಮೇಲೆ ಬಂದದ್ದೆಷ್ಟು, ಸಂಘದ ಕಂತು ಎಷ್ಟು ಎಂಬುದನ್ನು ವರ್ಷಕ್ಕೆರಡು ಬಾರಿ ಬರೆಯಿಸಿರಿ. ಮಗನ ಕೈಯಿಂದಲೇ ಬರೆಯಿಸಿರಿ. ಇದರಿಂದ ಆಗುವ ಗುಣವನ್ನು ನಾವು ಯಾವ ಘೃತದಲ್ಲಿಯೂ ಕಂಡಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಮುಚ್ಚಿಡದೆ ಹೇಳಬೇಕು. ನಮ್ಮಲ್ಲಿ ಈ ದೂರಿನೊಂದಿಗೆ ಕರೆತರುವ ಮಕ್ಕಳಲ್ಲಿ ಬಹುತೇಕರು ಗಂಡುಮಕ್ಕಳು. ಅದೇ ಮನೆಯ ಮಗಳು, ಅದೇ ತಾಯಿತಂದೆಗಳ ಮಗಳು, ಬೆಳಿಗ್ಗೆ ಎದ್ದು ಅಂಗಳ ಕಸ ಹೊಡೆದು, ನೀರು ತುಂಬಿ, ಅಣ್ಣನ ತಾಟನ್ನೂ ತೊಳೆದು ಕಾಲೇಜಿಗೆ ಬಸ್ ಹಿಡಿಯುತ್ತಾಳೆ. ಆಕೆಗೆ ‘ಇಲ್ಲ’ ಎಂಬ ಪದದ ಪರಿಚಯ ಚಿಕ್ಕಂದಿನಿಂದ ಇದೆ, ಬೇಕಾದದ್ದಕ್ಕಿಂತ ಹೆಚ್ಚೇ ಇದೆ. ಮಗನಿಗೆ ಅತಿಯೋಗ, ಮಗಳಿಗೆ ಹೀನಯೋಗ. ಆಯುರ್ವೇದದಲ್ಲಿ ಎರಡೂ ರೋಗಕಾರಣಗಳೇ. ಮಗಳಿಗೆ ರಕ್ತಹೀನತೆಯಿರುತ್ತದೆ, ಆಕೆಯನ್ನು ಮಾತ್ರ ಮುಟ್ಟು ನಿಂತಾಗಲೋ ತಲೆ ಸುತ್ತಿ ಬಿದ್ದಾಗಲೋ ಕರೆತರುತ್ತಾರೆ. ಮಗನ ಚಿಕಿತ್ಸೆಯ ಮೊದಲ ಮಾತ್ರೆಯನ್ನು ನಾವು ಹಲವು ಮನೆಗಳಿಗೆ ಹೀಗೆ ಬರೆದುಕೊಟ್ಟಿದ್ದೇವೆ: ತಂಗಿ ಮಾಡುವ ಕೆಲಸದಲ್ಲಿ ಸರಿಯರ್ಧ ಅಣ್ಣನಿಗೆ, ಅಣ್ಣನಿಗೆ ಹಾಕುವ ತುಪ್ಪದಲ್ಲಿ ಸರಿಯರ್ಧ ತಂಗಿಗೆ. ನಗುತ್ತಾರೆ. ಮಾಡಿದವರು ಮುಂದಿನ ತಿಂಗಳು ನಗದೆ ಬರುತ್ತಾರೆ.

ಊಟದ ಮಾತು ಬಂದದ್ದರಿಂದ ಅದನ್ನೂ ಸ್ವಲ್ಪ ಬಿಡಿಸಿ ಹೇಳೋಣ. ಆರು ರಸಗಳಲ್ಲಿ ಮಧುರರಸ ಹುಟ್ಟಿದಂದಿನಿಂದ ದೇಹಕ್ಕೆ ಹಿತವಾದದ್ದು, ಬಲ ಕೊಡುವಂಥದ್ದು. ಆದರೆ ಅದೊಂದನ್ನೇ ಅತಿಯಾಗಿ ಸೇವಿಸಿದರೆ ಸ್ಥೌಲ್ಯ, ಆಲಸ್ಯ, ಅತಿನಿದ್ರೆ, ಮೈಭಾರ, ಅನ್ನದಲ್ಲಿ ಅರುಚಿ, ಅಗ್ನಿಮಾಂದ್ಯ ಉಂಟಾಗುತ್ತವೆ ಎಂದು ಚರಕರು ಸೂತ್ರಸ್ಥಾನದಲ್ಲಿ ಎಚ್ಚರಿಸಿದ್ದಾರೆ. ಅತಿಮುದ್ದಿನ ಮನೆಯ ಅಡುಗೆಮನೆಗೆ ಈ ಪಟ್ಟಿ ಹಿಡಿದುಕೊಂಡು ಹೋಗಿ ನೋಡಿರಿ. ಮನೆಮಂದಿಗೆಲ್ಲ ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ. ಮಗ ಒಲ್ಲೆನೆಂದ ಕೂಡಲೇ ಆತನಿಗೊಬ್ಬನಿಗೆ ಎರಡು ನಿಮಿಷದ ನೂಡಲ್ಸ್. ಸಂಜೆ ಗೋಬಿ, ಜೊತೆಗೆ ತಂಪು ಪಾನೀಯ. 300 ಮಿಲಿಲೀಟರಿನ ಒಂದು ಕೋಲಾ ಬಾಟಲಿಯಲ್ಲಿ ಸುಮಾರು 30 ಗ್ರಾಂ ಸಕ್ಕರೆಯಿರುತ್ತದೆ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಹೆಚ್ಚು ಹಿತವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2016ರಿಂದ 2018ರವರೆಗೆ ನಡೆದ ರಾಷ್ಟ್ರೀಯ ಸಮಗ್ರ ಪೋಷಣಾ ಸಮೀಕ್ಷೆಯಲ್ಲಿ ನಮ್ಮ ದೇಶದ ಶಾಲಾಮಕ್ಕಳು ಮತ್ತು ಹದಿಹರೆಯದವರಲ್ಲಿ ಹತ್ತಕ್ಕೊಬ್ಬರು ಮಧುಮೇಹದ ಹೊಸ್ತಿಲಿನಲ್ಲಿದ್ದುದು ಕಂಡುಬಂದಿತು. ಈ ಮಕ್ಕಳಿಗೆ ಬೇರೆ ಅಡುಗೆ ಮಾಡುವುದನ್ನು ನಿಲ್ಲಿಸುವುದೇ ಪಥ್ಯದ ಮೊದಲ ಹೆಜ್ಜೆ. ಒಂದು ಹೊತ್ತು ಸಿಟ್ಟಿನಿಂದ ಊಟ ಬಿಟ್ಟ ಆರೋಗ್ಯವಂತ ಹುಡುಗನಿಗೆ ಮುಂದಿನ ಹೊತ್ತಿಗೆ ಹಸಿವೆಂಬ ಉತ್ತಮ ವೈದ್ಯ ಸಿಗುತ್ತಾನೆ. ರೊಟ್ಟಿ ಮುಚ್ಚಿಟ್ಟಿರಿ, ಬೈಯಬೇಡಿರಿ, ರಮಿಸಬೇಡಿರಿ. ಸಕ್ಕರೆ ಕಾಯಿಲೆ ಮೊದಲಾದ ರೋಗವಿರುವ ಮಕ್ಕಳಿಗೆ ಮತ್ತು ದಿನಗಟ್ಟಲೆ ಊಟ ಬಿಟ್ಟು ತೂಕ ಇಳಿಯುವ ಮಕ್ಕಳಿಗೆ ಈ ಮಾತು ಅನ್ವಯಿಸುವುದಿಲ್ಲ. ಅವರನ್ನು ವೈದ್ಯರಿಗೆ ತೋರಿಸಬೇಕು.

ಇಷ್ಟು ಓದಿದ ಕೆಲವು ತಂದೆಯರು ಈ ರಾತ್ರಿಯೇ ಬಡಿಗೆ ತೆಗೆದುಕೊಂಡಾರೆಂಬ ಅಂಜಿಕೆ ನಮಗಿದೆ. ಐದು ವರ್ಷ ಮುದ್ದು, ಹತ್ತು ವರ್ಷ ಪೆಟ್ಟು, ಹದಿನಾರಕ್ಕೆ ಗೆಳೆತನ ಎಂಬರ್ಥದ ನೀತಿಯೊಂದನ್ನು ಹಿರಿಯರು ಆಗಾಗ ನೆನೆಯುತ್ತಾರೆ. ಅದರ ಕೊನೆಯ ಭಾಗವನ್ನು ನಾವು ಒಪ್ಪುತ್ತೇವೆ, ನಡುವಿನ ಭಾಗವನ್ನು ಒಪ್ಪುವುದಿಲ್ಲ. ನಮ್ಮ ಶಾಸ್ತ್ರವೂ ಒಪ್ಪುವುದಿಲ್ಲ. ಮಗು ಅತ್ತರೂ, ಉಣ್ಣದಿದ್ದರೂ, ಮಾತು ಕೇಳದಿದ್ದರೂ ಅದನ್ನು ಹೆದರಿಸಬಾರದು, ಹೆದರಿಸಲೆಂದು ರಾಕ್ಷಸ, ಪಿಶಾಚಿಗಳ ಹೆಸರನ್ನೂ ಎತ್ತಬಾರದು ಎಂದು ಚರಕರು ಶಾರೀರಸ್ಥಾನದಲ್ಲಿ ಹೇಳಿದ್ದಾರೆ. 1960ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಡಯಾನಾ ಬಾಮ್‌ರಿಂಡ್ ತಂದೆತಾಯಿಗಳ ರೀತಿಯನ್ನು ಅಭ್ಯಾಸ ಮಾಡಿ ಮೂರು ಬಗೆ ಗುರುತಿಸಿದರು: ಬರೀ ದಬ್ಬಾಳಿಕೆಯವರು, ಎಲ್ಲವನ್ನೂ ಬಿಟ್ಟುಕೊಡುವವರು, ಅಕ್ಕರೆಯೊಂದಿಗೆ ಕಟ್ಟುಪಾಡನ್ನೂ ಇಟ್ಟುಕೊಂಡವರು. ಸ್ವನಿಯಂತ್ರಣ ಹೆಚ್ಚು ಕಂಡದ್ದು ಮೂರನೆಯ ಬಗೆಯ ಮನೆಗಳ ಮಕ್ಕಳಲ್ಲಿ. ನಮ್ಮ ಅನುಭವವೂ ಅದೇ. ಅತಿಮುದ್ದಿನ ತಂದೆ ಒಂದು ದಿನ ಸಿಟ್ಟಿಗೆದ್ದು ಫೋನು ನೆಲಕ್ಕಪ್ಪಳಿಸಿ, ಮರುವಾರ ಕನಿಕರಪಟ್ಟು ಅದಕ್ಕಿಂತ ದುಬಾರಿಯದನ್ನು ತಂದುಕೊಡುತ್ತಾನೆ. ಮಗ ಇದರಿಂದ ಕಲಿಯುವುದು ಒಂದೇ: ಗದ್ದಲ ದೊಡ್ಡದಾದಷ್ಟೂ ಫಲ ದೊಡ್ಡದು.

ಹಾಗಾದರೆ ಬಿಡಿಸುವುದು ಹೇಗೆ? ಅಹಿತವಾದ ಅಭ್ಯಾಸ ದೇಹಕ್ಕೆ ಒಗ್ಗಿಹೋಗಿದ್ದರೆ ಅದಕ್ಕೆ ಓಕಸಾತ್ಮ್ಯ ಎನ್ನುತ್ತಾರೆ. ಒಗ್ಗಿದ್ದನ್ನು ಒಮ್ಮೆಲೇ ಕಿತ್ತರೆ ಅದರಿಂದಲೇ ಹೊಸ ರೋಗ ಹುಟ್ಟುತ್ತದೆ. ಆದುದರಿಂದ ಪಾದಾಂಶಿಕ ಕ್ರಮ ಹೇಳಿದ್ದಾರೆ. ಕೆಟ್ಟದ್ದರ ಕಾಲು ಭಾಗ ತೆಗೆದು ಆ ಜಾಗದಲ್ಲಿ ಒಳ್ಳೆಯದರ ಕಾಲು ಭಾಗ ಸೇರಿಸಬೇಕು. ಅದು ನೆಲೆಗೊಂಡ ಮೇಲೆ ಇನ್ನೊಂದು ಕಾಲು. ವಾಗ್ಭಟರು ಹದಿನಾರನೆಯ ಒಂದು ಭಾಗದಷ್ಟು ಸಣ್ಣ ಹೆಜ್ಜೆಯಾದರೂ ಆದೀತೆನ್ನುತ್ತಾರೆ. ಆಹಾರಕ್ಕೆ ಹೇಳಿದ ಈ ಕ್ರಮವನ್ನು ನಾವು ಮೊಬೈಲಿಗೂ ಹಚ್ಚಿ ನೋಡಿದ್ದೇವೆ, ದಿನಗಳ ಅಂತರಕ್ಕೆ ಬದಲಾಗಿ ವಾರಗಳ ಅಂತರ ಇಟ್ಟುಕೊಂಡು. ದಿನಕ್ಕೆ ಆರು ಗಂಟೆ ನೋಡುವ ಹುಡುಗನಿಗೆ ಮೊದಲ ವಾರ ನಾಲ್ಕೂವರೆ ಗಂಟೆ. ತೆಗೆದ ಒಂದೂವರೆ ಗಂಟೆಯನ್ನು ಬರಿದಾಗಿ ಬಿಡಬಾರದು. ಕಬಡ್ಡಿಯಾಗಲಿ, ಹೊಲದ ಕೆಲಸವಾಗಲಿ, ತಂದೆಯೊಡನೆ ಸಂತೆಯಾಗಲಿ ಇರಬೇಕು. ಎರಡು ವಾರ ಬಿಟ್ಟು ಮೂರು ಗಂಟೆ. ಆಮೇಲೆ ಮತ್ತೆ ಕಾಲು ಭಾಗ ಇಳಿಸಿ ಓದಿಗೆ ಬೇಕಾದಷ್ಟು ಮಾತ್ರ ಉಳಿಸಿರಿ. ಮೊದಲು ಕಡಿಮೆ ಮಾಡಬೇಕಾದದ್ದು ರಾತ್ರಿಯ ಭಾಗ. ಈ ವಯಸ್ಸಿಗೆ 8ರಿಂದ 10 ಗಂಟೆಯ ನಿದ್ರೆ ಬೇಕು. ಒಂಬತ್ತರ ನಂತರ ಮನೆಯ ಎಲ್ಲ ಫೋನುಗಳೂ ದೇವರ ಕೋಣೆಯ ಪಕ್ಕದ ಮಾಡದಲ್ಲಿರಲಿ. ಎಲ್ಲ ಎಂದರೆ ಅಪ್ಪನದೂ ಸೇರಿ. ಎರಡನೆಯ ವಾರ ಹಠ ಹೆಚ್ಚುತ್ತದೆ. ಇದನ್ನು ಮೊದಲೇ ತಿಳಿದಿದ್ದವರು ಗೆಲ್ಲುತ್ತಾರೆ, ತಿಳಿಯದವರು ಅಲ್ಲಿಯೇ ಸೋಲುತ್ತಾರೆ.

ಬೈಕಿಗೆ ಮಾತ್ರ ಕಾಲು ಭಾಗ, ಅರ್ಧ ಭಾಗ ಎಂಬುದಿಲ್ಲ. ಮಗುವಿನ ಆಟಿಕೆ ಬಣ್ಣಬಣ್ಣದ್ದಾಗಿ, ಹಗುರವಾಗಿ, ದನಿ ಮಾಡುವಂತಿರಲಿ. ಮೊನೆಯುಳ್ಳದ್ದು ಬೇಡ, ಬಾಯೊಳಗೆ ಹೋಗುವಂಥದ್ದು ಬೇಡ, ಪ್ರಾಣ ತೆಗೆಯುವಂಥದ್ದು ಬೇಡ ಎಂದು ಚರಕರು ವಿಧಿಸಿದ್ದಾರೆ. ಹದಿನಾರರ ಹುಡುಗನಿಗೆ ಬೈಕು ಆಟಿಕೆಯೇ. ಕೊನೆಯ ನಿಯಮಕ್ಕೆ ಅದು ವಿರುದ್ಧ. ಕಾನೂನೂ ಇದನ್ನೇ ಹೇಳುತ್ತದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 199ಎ ಕಲಮಿನಂತೆ ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ ಪಾಲಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆಮನೆ, 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ವರ್ಷ ತುಂಬುವತನಕ ಲೈಸೆನ್ಸ್ ಇಲ್ಲ. 2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ 17 ವರ್ಷದ ಹುಡುಗನಿದ್ದ ದುಬಾರಿ ಕಾರು ಬಡಿದು ಇಬ್ಬರು ಯುವ ಇಂಜಿನಿಯರರು ಸತ್ತದ್ದು, ತಂದೆಯೂ ಬಂಧನಕ್ಕೊಳಗಾದದ್ದು ದೇಶಕ್ಕೆಲ್ಲ ಗೊತ್ತು. ಅದು ಸಿರಿವಂತರ ಕಥೆಯೆಂದು ನಾವು ಪಾರಾಗುವಂತಿಲ್ಲ. ಹೆದ್ದಾರಿಯ ಅಂಚಿನ ನಮ್ಮ ಊರುಗಳಲ್ಲಿ ಸಾಲದ ಬೈಕಿನ ಮೇಲೆ ಮೂವರು ಮಕ್ಕಳು ಹೆಲ್ಮೆಟ್ ಇಲ್ಲದೆ ಹೋಗುವುದನ್ನು ದಿನವೂ ಕಾಣುತ್ತೇವೆ.

ಇನ್ನು ತಂದೆತಾಯಿಗಳು ಅತ್ಯಂತ ಅಂಜುವ ಮಾತಿಗೆ ಬರೋಣ. “ಕೊಡಿಸದಿದ್ರ ನೋಡ್ರಿ, ಜೀವಾ ಕಳಕೊಳ್ತೀನಿ.” ಈ ಮಾತು ಕೇಳಿದ ಮನೆಯಲ್ಲಿ ಎರಡು ಬಗೆ ನಡೆಯುತ್ತದೆ. ಕೆಲವರು ಬೆದರಿ ಮರುದಿನವೇ ಶೋರೂಮಿಗೆ ಹೋಗುತ್ತಾರೆ; ಕೆಲವರು “ಹೋಗು ಸಾಯಿ” ಎಂದು ಸಿಟ್ಟಿನಲ್ಲಿ ಅಂದುಬಿಡುತ್ತಾರೆ. ಎರಡೂ ಅಪಾಯಕರ. ಎಷ್ಟೇ ಹಠಮಾರಿಯಾದರೂ, ಬರೀ ಬೆದರಿಕೆ ಎನಿಸಿದರೂ, ಮಗು ಸಾವಿನ ಮಾತನಾಡಿದಾಗ ಅದನ್ನು ರೋಗಲಕ್ಷಣವೆಂದೇ ತೆಗೆದುಕೊಳ್ಳಬೇಕು. ಮೊದಲು ಹೊಲಕ್ಕೆ ತಂದ ಕ್ರಿಮಿನಾಶಕವನ್ನೆಲ್ಲ ಮನೆಯಿಂದ ಹೊರಗೆ, ಬೀಗದ ಪೆಟ್ಟಿಗೆಯಲ್ಲಿ ಇಡಬೇಕು. ಬೀಗದ ಕೈ ಹಿರಿಯರೊಬ್ಬರ ಬಳಿಯೇ ಇರಲಿ. ಮಗುವನ್ನು ಒಂಟಿಯಾಗಿ ಬಿಡಬೇಡಿರಿ. ಪಕ್ಕದಲ್ಲಿ ಕುಳಿತು “ನಿನಗೇನು ಸಂಕಟ ಅದ, ಹೇಳು ಮಗನೇ” ಎಂದು ಕೇಳಿರಿ. ಹೀಗೆ ಕೇಳುವುದರಿಂದ ಆ ವಿಚಾರ ಹೆಚ್ಚುತ್ತದೆಂಬ ಭಯ ಬೇಡ. ಬೈಕಿನ ಹಿಂದೆ ಪರೀಕ್ಷೆಯ ಸೋಲು, ಸಾಲಕ್ಕೆ ಬಿದ್ದ ಆನ್‌ಲೈನ್ ಆಟ, ಗೆಳೆಯರಿಂದಾದ ಅವಮಾನ ಅಡಗಿರಬಹುದು. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಅಂದೇ ಕರೆದೊಯ್ಯಿರಿ. ಬೈಕು ಇದಕ್ಕೆ ಔಷಧವಲ್ಲ. ಕೊಟ್ಟರೆ ಸಂಕಟ ಒಳಗೇ ಉಳಿಯುತ್ತದೆ, ಬೇಡಿಕೆ ಮಾತ್ರ ತೀರುತ್ತದೆ.

ಆಯ್ದಕ್ಕಿ ಲಕ್ಕಮ್ಮ ತಾಯಿಯ ಕಥೆ ನಮ್ಮ ಭಕ್ತರಿಗೆಲ್ಲ ಗೊತ್ತು. ಮಾರಯ್ಯನವರು ಒಂದು ದಿನ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆ ತಾಯಿ ಮರಳಿ ಸುರಿದು ಬರಲು ಕಳಿಸಿದರು. ಈ ಪ್ರಸಂಗವನ್ನು ನಾವು ಪ್ರವಚನಗಳಲ್ಲಿ ದೊಡ್ಡವರಿಗಾಗಿ ಕೇಳುತ್ತೇವೆ. ಮಕ್ಕಳಿರುವ ಮನೆಗೆ ಇದು ಇನ್ನೂ ಹತ್ತಿರದ್ದು. ಹೆಚ್ಚಾದದ್ದನ್ನು ಹಿಂದಿರುಗಿಸುವುದು ಬಡತನದ ಗುರುತಲ್ಲವೆಂದು ಮಗು ಕಣ್ಣಾರೆ ನೋಡಬೇಕು. ತಂದೆ ಅಂಗಡಿಯಲ್ಲಿ ಎರಡು ಅಂಗಿ ತೆಗೆದು, ಒಂದೇ ಸಾಕೆಂದು ಇನ್ನೊಂದನ್ನು ಅಲ್ಲಿಯೇ ಬಿಟ್ಟದ್ದನ್ನು ಕಂಡ ಮಗನಿಗೆ ಬೇರೆ ಪ್ರವಚನ ಬೇಕಾಗುವುದಿಲ್ಲ. ಮಠಗಳ ಪ್ರಸಾದ ನಿಲಯಗಳಲ್ಲಿ ಬೆಳೆದ ಹಿರಿಯರನ್ನು ಕೇಳಿ ನೋಡಿರಿ. ಸಾಲಿನಲ್ಲಿ ಕುಳಿತು ಬಡಿಸಿದ್ದನ್ನು ಉಂಡು, ತಮ್ಮ ತಾಟು ತಾವೇ ತೊಳೆದು, ತಮ್ಮ ಬಟ್ಟೆ ತಾವೇ ಒಗೆದದ್ದನ್ನು ಅವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ.

ಅಜ್ಜ ಅಜ್ಜಿಯರಿಗೆ ಒಂದು ಮಾತು. ತಂದೆ ಇಲ್ಲವೆಂದದ್ದನ್ನು ಅಜ್ಜಿ ಸೆರಗಿನ ಗಂಟು ಬಿಚ್ಚಿ ಕೊಟ್ಟರೆ ಮೇಲೆ ಹೇಳಿದ ಪಾದಾಂಶಿಕ ಕ್ರಮವೆಲ್ಲ ಒಂದೇ ಸಂಜೆ ಕರಗುತ್ತದೆ. ಆದುದರಿಂದ ಯಾವುದನ್ನು ಕೊಡಬೇಕು, ಯಾವುದನ್ನು ಕೊಡಬಾರದು ಎಂಬುದನ್ನು ಮಗುವಿಗೆ ಹೇಳುವ ಮೊದಲು ಹಿರಿಯರೆಲ್ಲ ಕೂಡಿ ತೀರ್ಮಾನಿಸಬೇಕು. ಅಜ್ಜಿಯ ಕೈಯನ್ನು ಪೂರ್ತಿ ಕಟ್ಟುವುದೂ ಸಲ್ಲದು. ಹಬ್ಬಕ್ಕೊಂದು ಹೋಳಿಗೆ, ಜಾತ್ರೆಗಿಷ್ಟು ದುಡ್ಡು ಕೊಡುವ ಹಕ್ಕು ಅವರದೇ ಇರಲಿ.

ಔಷಧದ ವಿಷಯ. ಬ್ರಾಹ್ಮಿ, ಶಂಖಪುಷ್ಪಿಗಳನ್ನು ನಿದ್ರೆ ಕೆಟ್ಟ, ಮನಸ್ಸು ಚಂಚಲವಾದ ಮಕ್ಕಳಿಗೆ ಪ್ರಕೃತಿ, ಅಗ್ನಿಬಲ ನೋಡಿ ಕೊಡುವುದುಂಟು. ಪಾದಗಳಿಗೆ ಎಳ್ಳೆಣ್ಣೆ ತಿಕ್ಕಿ ಮಲಗಿಸುವುದು ಯಾರಾದರೂ ಮಾಡಬಹುದಾದ ಉಪಚಾರ; ತಾಯಿಯೋ ತಂದೆಯೋ ಕೈಯಾರೆ ತಿಕ್ಕಿದರೆ ಆ ಹತ್ತು ನಿಮಿಷದಲ್ಲಿ ಮಗ ಆಡುವ ಮಾತುಗಳೂ ಚಿಕಿತ್ಸೆಗೆ ಸಹಾಯವಾಗುತ್ತವೆ. ಜಾಹೀರಾತು ನೋಡಿ ಬುದ್ಧಿವರ್ಧಕ, ಬಲವರ್ಧಕ ಲೇಹ್ಯಗಳನ್ನು ತಾವಾಗಿಯೇ ತಂದು ತಿನ್ನಿಸಬೇಡಿರಿ.

ಯಾವಾಗ ಮನೆಮದ್ದು ಸಾಲದು ಎಂಬುದನ್ನೂ ತಿಳಿದಿರಬೇಕು. ಆಟವನ್ನು ನಿಲ್ಲಿಸಲು ಆಗದಿರುವುದು, ಊಟ ನಿದ್ರೆ ಓದಿಗಿಂತ ಅದೇ ಮೊದಲಾಗುವುದು, ಕೆಡುಕು ಕಣ್ಣಿಗೆ ಕಂಡರೂ ಮುಂದುವರಿಯುವುದು, ಇದು ವರ್ಷದ ಹತ್ತಿರ ನಡೆದಿರುವುದು – ಇವು ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಡಿಸಾರ್ಡರ್ ಎಂಬ ರೋಗಕ್ಕೆ ಹೇಳಿರುವ ಲಕ್ಷಣಗಳು. 2022ರ ಜನವರಿಯಿಂದ ಜಾರಿಗೆ ಬಂದ ಅದರ ರೋಗಪಟ್ಟಿಯಲ್ಲಿ ಇದು ಸೇರಿದೆ. ಇಂಥ ಮಕ್ಕಳಿಗಾಗಿಯೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ‘ಶಟ್’ ಎಂಬ ಹೆಸರಿನ ಚಿಕಿತ್ಸಾಲಯ ತೆರೆದಿದೆ. ಕೈಯೆತ್ತುವ ಮಗ, ಮನೆಯ ದುಡ್ಡು ಕದಿಯುವ ಮಗ, ಗುಟ್ಕಾ ಅಥವಾ ಮದ್ಯದ ವಾಸನೆ ಬರುವ ಮಗ, ತಿಂಗಳುಗಟ್ಟಲೆ ಶಾಲೆಗೆ ಹೋಗದ ಮಗ ಇದ್ದರೆ ಮರ್ಯಾದೆಗಂಜಿ ಮುಚ್ಚಿಡದೆ ಮೊದಲು ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. ಹೋಗುವಾಗ ತಂದೆತಾಯಿ ಇಬ್ಬರೂ ಹೋಗಿರಿ. ಒಬ್ಬರೇ ಬಂದರೆ ವೈದ್ಯರಿಗೆ ಅರ್ಧ ಕಥೆಯೇ ಸಿಗುತ್ತದೆ.